ಕೈ ಬಿಟ್ಟರೆ ಮೇಲೇಳುವ ಮಿಷನ್

ಅಪ್ಪಾ,

ನೀನು ಸತ್ತ ಮೇಲೆ ನಮ್ಮ ಮರಗೆಲಸದ ಅಂಗಡಿಗೆ ಹಲಗೆಯಲ್ಲಿ ಉದ್ದ ಸೀಳು ಕೊರೆಯುವ ಹೊಸ ರೂಟರ್ ಮಿಷನ್ ತಂದೆ. ನಿನ್ನ ಹಳೆಯದು ಆನ್ ಮಾಡಿದರೆ ಮೈಮೇಲೇ ಬರುತ್ತಿತ್ತು. ಇದು ಹಾಗಲ್ಲ. ಎರಡೂ ಹಿಡಿಕೆ ಹಿಡಿದು ಒತ್ತಿದರೆ ಗರಗರ ತಿರುಗುವ ಅಲಗು ಮರಕ್ಕಿಳಿಯುತ್ತದೆ, ನಾನು ಗೊತ್ತುಮಾಡಿದ ಆಳಕ್ಕೆ ಟಕ್ಕೆಂದು ನಿಲ್ಲುತ್ತದೆ. ಕೈ ಸಡಿಲಿಸಿದರೆ ಸ್ಪ್ರಿಂಗು ಅದನ್ನು ತಾನೇ ಮೇಲಕ್ಕೆತ್ತುತ್ತದೆ. ಅಷ್ಟು ಸಿಟ್ಟಿನ ವಸ್ತುವಿಗೆ ಇಷ್ಟು ಬುದ್ಧಿಯಿದೆಯಲ್ಲ ಎಂದು ದಿನವೂ ಖುಷಿಯಾಗುತ್ತದೆ.

ಇವತ್ತು ಬೆಳಿಗ್ಗೆ ಕಪಾಟಿನ ಬಾಗಿಲಿಗೆ ಗ್ರೂವ್ ಹೊಡೆಯಲು ಆಗಷ್ಟೇ ಮಿಷನ್ ಒತ್ತಿದ್ದೆ. ಅಣ್ಣ ಕುಡಿದು ಬಂದ.

"ಅಂಗಡಿ ಬೀಗದ ಕೈ ಕೊಡೇ. ಹೆಂಗಸಿಗ್ಯಾಕೆ ಈ ಉಳಿ ಸುತ್ತಿಗೆ ಸಹವಾಸ?" ಎಂದು ಹಿಂದಿನಿಂದ ಜಡೆ ಹಿಡಿದು ಎಳೆದ. ನನ್ನ ಎರಡೂ ಕೈ ಹಿಡಿಕೆಯಿಂದ ಬಿಟ್ಟುಹೋದವು. ಅಲಗು ಮರದಿಂದ ತಾನಾಗಿ ಮೇಲೆದ್ದಿತು. ಮಿಷನ್ ಊಳಿಡುತ್ತ ಇದ್ದಲ್ಲೇ ನಿಂತಿತು.

ನಾನು ನಿಲ್ಲಲಿಲ್ಲ. ಉಳಿಗೆ ಹೊಡೆಯುವ ಮರದ ಕೊಡತಿ ಎತ್ತಿ ಅವನ ಮಣಿಕಟ್ಟಿಗೆ ಬಾರಿಸಿದೆ. ಮೂಳೆ ಲಟಕ್ಕೆಂದಿತು. ಆಮೇಲೆ ಭುಜಕ್ಕೆ ಕೊಟ್ಟೆ. ಬಿದ್ದ ಮೇಲೂ ಬಿಡಲಿಲ್ಲ, ಬೆನ್ನಿಗೆ, ಪಕ್ಕೆಗೆ, ಸಿಕ್ಕಿದ ಕಡೆಗೆಲ್ಲ.

"ಸಾಕು ಕಣೇ, ಸತ್ತೋಗ್ತೀನಿ!" ಎನ್ನುತ್ತ ಅವನು ಮರದ ಹೊಟ್ಟಿನಲ್ಲಿ ಮುದುಡಿಕೊಂಡ. ಎರಡೂ ಮೊಣಕೈಯಿಂದ ಮುಖ ಮುಚ್ಚಿಕೊಂಡ, ಥೇಟ್ ಅಮ್ಮ ನಿನ್ನೆದುರು ಮುಚ್ಚಿಕೊಳ್ಳುತ್ತಿದ್ದ ಹಾಗೆ.

ಆಗ ಕೊಡತಿ ಕೆಳಗಿಟ್ಟೆ.

ಅವನಿನ್ನೂ ನರಳುತ್ತಿದ್ದ. ಇಂಥ ಹೊತ್ತಿನಲ್ಲಿ ನೀನು ಅಮ್ಮನನ್ನು ಎಬ್ಬಿಸುತ್ತಿರಲಿಲ್ಲ. ನೀನು ಮೊದಲು ಹಲಗೆಯ ಅಂಚು ಸವರಿ, ಕೆಲಸ ಕೆಟ್ಟಿತೇ ಎಂದು ನೋಡುತ್ತಿದ್ದೆ.

ಕೆಟ್ಟಿಲ್ಲ ಅಪ್ಪಾ. ನಾನೂ ಸವರಿ ನೋಡಿದೆ.