ಸುಣ್ಣದ ಡಬ್ಬಿಗೆ ಬಡ್ತಿ ಕೊಟ್ಟ ಕರಪತ್ರ

ಸತ್ತೇಗಾಲ, ೧೨ ಜುಲೈ ೨೦೦೧

ಆರೋಗ್ಯದ ಕರಪತ್ರ ಬರೆಸುವ ಮಾನ್ಯ ಅಧಿಕಾರಿಗಳೇ,

ತಮ್ಮ ಕರಪತ್ರದ ದೆಸೆಯಿಂದ ನಮ್ಮ ಅವ್ವ ಮಾತ್ರೆ ನುಂಗುವುದನ್ನು ಬಿಟ್ಟಿದ್ದಾಳೆ. ದಯವಿಟ್ಟು ತಾವೇ ನುಂಗಿಸಿ.

ನಾನು ಈ ಊರಿನ ಪೋಸ್ಟ್‌ಮ್ಯಾನ್. ಕಳೆದ ತಿಂಗಳು ತಮ್ಮ ಕಚೇರಿಯಿಂದ ಬಂದ ಹಳದಿ ಕರಪತ್ರಗಳ ಕಟ್ಟನ್ನು ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಕೊಟ್ಟವನು ನಾನೇ. ಓದು ಬಾರದ ಅವ್ವ ಕೆಂಪಾಜಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದವನೂ ನಾನೇ. ‘ಕಡಲಿನ ಕಪ್ಪೆಚಿಪ್ಪಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ’ ಎಂದಿತ್ತು. ಅಷ್ಟೇ. ಮೇಲೆ ಸರ್ಕಾರದ ಮುದ್ರೆ, ಕೆಳಗೆ ನಗುವ ಒಂದು ಕುಟುಂಬದ ಚಿತ್ರ.

ಅವ್ವನ ಎಡಗಾಲಿನಲ್ಲಿ ಹೋದ ವರ್ಷ ರಕ್ತ ಹೆಪ್ಪುಗಟ್ಟಿತ್ತು. ಕಾಮಗೆರೆಯ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದು, ತಪ್ಪಿಸಬೇಡಿ ಎಂದು ಮೂರು ಸಲ ಹೇಳಿದ್ದರು. ಆದರೆ ಅವರದು ಬಾಯಿಮಾತು, ತಮ್ಮದು ಅಚ್ಚಾದ ಮಾತು. ಅಲ್ಲದೆ ಕಪ್ಪೆಚಿಪ್ಪು ಅಂದರೆ ನಮ್ಮ ಕಡೆ ಏನೆಂದು ತಮಗೆ ಗೊತ್ತೆ? ಸುಟ್ಟು, ಸುಣ್ಣ ಮಾಡಿ ವೀಳ್ಯದೆಲೆಗೆ ಸವರಿಕೊಳ್ಳುವ ವಸ್ತು. ಅವ್ವನ ಸೊಂಟದ ಸಂಚಿಯಲ್ಲಿ ನಲವತ್ತು ವರ್ಷದಿಂದ ಅದರ ಡಬ್ಬಿಯಿದೆ.

“ಅಯ್ಯೋ, ಔಸ್ದಿ ನನ್ ಸೊಂಟ್ದಲ್ಲೇ ಅದೆ ಕಣ್ಲಾ!” ಎಂದಳು.

ಸುಮ್ಮನೆ ನಂಬುವವಳಲ್ಲ ನಮ್ಮವ್ವ; ಪರೀಕ್ಷೆಯನ್ನೂ ಮಾಡಿದಳು. ಎರಡು ಲೋಟ ಹಾಲಿಗೆ ಹೆಪ್ಪು ಹಾಕಿ, ಒಂದಕ್ಕೆ ಮಾತ್ರ ಸುಣ್ಣ ಕದಡಿದಳು. ಬೆಳಗ್ಗೆ ನೋಡಿದರೆ ಒಂದು ಗಟ್ಟಿ ಮೊಸರು, ಸುಣ್ಣದ್ದು ಇನ್ನೂ ನೀರು ನೀರು.

“ನೋಡ್ಲಾ, ಆಲೇ ಎಪ್ಪುಗಟ್ನಿಲ್ಲ. ನನ್ ರಕ್ತ ಎಂಗ್ಲಾ ಕಟ್ಟದು?”

ತಮ್ಮ ವಿಜ್ಞಾನಿಗಳು ಇದಕ್ಕಿಂತ ಅಚ್ಚುಕಟ್ಟಾಗಿ ತೋರಿಸಿದ್ದಾರೆಯೇ? ಅಂದಿನಿಂದ ಸುಣ್ಣ ದುಪ್ಪಟ್ಟು, ಮಾತ್ರೆ ಬಂದ್. ಬಾಯಿ ಬೆಂದು ಹುಣ್ಣಾಯಿತು. ಈಗ ಕಾಲು ಮತ್ತೆ ಬಾತಿದೆ. ಆಸ್ಪತ್ರೆಗೆ ಕರೆದರೆ ಬರಲೊಲ್ಲಳು.

ನಾನೊಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. ಆ ಅಂಶ ಇರುವುದು ಚಿಪ್ಪಿನಲ್ಲಿ ಅಲ್ಲವಂತೆ, ಒಳಗಿರುವ ಜೀವಿಯ ಮಾಂಸದಲ್ಲಂತೆ. ಅದನ್ನು ಬೇರ್ಪಡಿಸಿ ನೋಡುವ ಕೆಲಸ ಇನ್ನೂ ಪ್ರಯೋಗಶಾಲೆಯಲ್ಲೇ ಇದೆಯಂತೆ. ಇಷ್ಟು ಬರೆಯಲು ಜಾಗವಿರಲಿಲ್ಲವೇ? ಆ ನಗುವ ಕುಟುಂಬವನ್ನು ಕೊಂಚ ಪಕ್ಕಕ್ಕೆ ಸರಿಸಿದ್ದರೆ ಸಾಕಿತ್ತು. ಬಾಳೆಹಣ್ಣನ್ನು ಹೊಗಳಲು ಹೋಗಿ ಸಿಪ್ಪೆ ತಿನ್ನಿಸಿದಿರಲ್ಲ ಸ್ವಾಮಿ!

ನಗುನಗುತ್ತಲೇ ಬರೆಯುತ್ತಿದ್ದೇನೆ, ಆದರೆ ನನಗೆ ಹೆದರಿಕೆಯಾಗಿದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋದರೆ ಅವ್ವ ಉಳಿಯುವುದು ಕಷ್ಟವಂತೆ. ಸುಣ್ಣ ಬಿಡು, ಮಾತ್ರೆ ನುಂಗು ಎಂದು ಅವ್ವನಿಗೆ ಕೈಮುಗಿದು ಬೇಡಿದೆ.

“ಸರ್ಕಾರ್ದೋರು ಅಚ್ಚಾಕ್ಸವ್ರೆ. ನೀನೇನ್ ಅವ್ರಿಗಿಂತ ದೊಡ್ಡವ್ನಾ? ಅವ್ರೇ ಬ್ಯಾಡ ಅನ್ಲಿ, ಬುಡ್ತೀನಿ” ಎಂದಳು.

ಸರ್ಕಾರದಿಂದ ಬಂತೆಂದು ಸುಳ್ಳೇ ಒಂದು ಕಾಗದ ಓದಿಬಿಡಿ ಎಂದಳು ನನ್ನ ಹೆಂಡತಿ ರತ್ನ. ಇಪ್ಪತ್ತು ವರ್ಷದಿಂದ ಊರಿನವರ ಕಾಗದ ಓದಿ ಹೇಳುತ್ತಿದ್ದೇನೆ. ಇಲ್ಲದ್ದನ್ನು ಒಂದು ದಿನವೂ ಓದಿಲ್ಲ. ಮೊದಲ ಸುಳ್ಳನ್ನು ಅವ್ವನಿಗೇ ಓದಲೇ?

ಆದ್ದರಿಂದ ತನಿಖೆ ಬೇಡ, ವಿಷಾದವೂ ಬೇಡ. ಅದೇ ಹಳದಿ ಕಾಗದದಲ್ಲಿ, ಅದೇ ಮುದ್ರೆಯ ಕೆಳಗೆ, ‘ಸುಣ್ಣ ಔಷಧಿಯಲ್ಲ, ಮಾತ್ರೆ ಬಿಡಬೇಡಿ’ ಎಂದು ಅಚ್ಚು ಹಾಕಿಸಿ ಈ ವಾರವೇ ಕಳಿಸಿ. ಒಂದೇ ಪ್ರತಿ ಸಾಕು, ವಿಳಾಸ ಕೆಂಪಾಜಮ್ಮನದಿರಲಿ. ತಂದುಕೊಡುವವನೂ ಓದಿ ಹೇಳುವವನೂ ನಾನೇ. ಮಗನ ಮಾತು ಕೇಳದ ಅವ್ವ ಪೋಸ್ಟ್‌ಮ್ಯಾನ್ ಓದಿದ್ದನ್ನು ಕೇಳುತ್ತಾಳೆ.

ಇಂತಿ,
ತಾನೇ ಹಂಚಿದ ಕಾಗದಕ್ಕೆ ಸೋತು, ಇನ್ನೊಂದು ಕಾಗದಕ್ಕೆ ಕಾದಿರುವ
ಶಿವನಂಜಯ್ಯ