ಅತ್ತೆ ಸರಿಮಾಡಿಕೊಟ್ಟ ಸೀಟು

ಗುರುವಾರ,
ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ನೀನು ಚೆನ್ನಾಗಿಯೇ ಇದ್ದೀಯ. ನನ್ನ ತೊಂದರೆಯೇ ಅದು. ಹೋದ ತಿಂಗಳು ನಿನ್ನ ಮನೆಗೆ ಬಂದವಳು ಮಾರನೆಯ ಬೆಳಿಗ್ಗೆಯೇ ಯಾಕೆ ಹೊರಟುಬಿಟ್ಟೆ ಎಂದು ಫೋನ್ ಮಾಡಿದಾಗಲೆಲ್ಲ ಕೇಳುತ್ತೀಯ. ಅಂಗಡಿಯಲ್ಲಿ ಕೆಲಸವಿತ್ತು ಎನ್ನುತ್ತೇನೆ. ಕೆಲಸವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಫೋನಿನಲ್ಲಿ ನಿಜ ಹೇಳಹೊರಟರೆ ನೀನು ನಡುವೆ ನಗುತ್ತೀಯ, ನನಗೆ ಮಾತು ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ.

ಮದುವೆಯಾದ ಮೇಲೆ ನೀನು ಅತ್ತೆಯ ಜೊತೆ ರೇಸ್ ಸೈಕಲ್ ಹತ್ತಿದೆ ಎಂದು ಕೇಳಿದಾಗ ನನಗೆ ನಗು ಬಂದಿತ್ತು. ಮೂಲೆಯ ಅಂಗಡಿಗೆ ಹೋಗಿ ಬಾ ಎಂದರೂ ಮುಖ ಊದಿಸುತ್ತಿದ್ದ ಹುಡುಗಿ ನೀನು. ಆಮೇಲೆ ಮಂಡಿ ನೋವು, ಅಂಗೈ ಜೋಮು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು ಎಂದು ನನ್ನ ಹತ್ತಿರ ಗೋಳು ತೋಡಿಕೊಂಡೆ. ನಿಜ ಹೇಳಲೇ? ಒಳಗೊಳಗೇ ಖುಷಿಯಾಯಿತು. ಸವಾರಿ ಅತ್ತೆಯ ಜೊತೆ ಮಾಡಿದರೂ ನೋವು ಹೇಳಿಕೊಳ್ಳಲು ಅಮ್ಮನೇ ಬೇಕಲ್ಲ! ಊರೆಲ್ಲ ಸುತ್ತಿ, ಇದ್ದುದರಲ್ಲೇ ದಪ್ಪನೆಯ ಮೆತ್ತನೆಯ ಸೀಟಿನ ಕವರ್ ಕೊಂಡು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

ನಿನ್ನ ಅತ್ತೆ ಅದನ್ನು ಒತ್ತಿ ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ನನಗೆ ಬೇಜಾರಾಗಬಾರದೆಂಬಂತೆ ಮೆಲ್ಲಗೆ, "ಆದ್ರೆ ದೂರ ಹೋಗೋವಾಗ ಮೆತ್ತನೆ ಸೀಟಲ್ಲಿ ಮೈ ಹೂತುಹೋಗುತ್ತೆ, ಉಜ್ಜಿ ಉಜ್ಜಿ ನೋವು ಇನ್ನೂ ಜಾಸ್ತಿ. ಕೂರೋ ಮೂಳೆಗೆ ಆಧಾರ ಸಿಗ್ಬೇಕು, ಅಷ್ಟೆ" ಎಂದರು. ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು. ತಪ್ಪು ತಿದ್ದಿದರೂ ಬೆನ್ನು ತಟ್ಟಿದ ಹಾಗಿರುತ್ತದೆ. ನನ್ನ ಕವರ್ ಶೂ ಇಡುವ ಗೂಡಿನ ಮೇಲೆ ಹೋಗಿ ಕೂತಿತು.

ಆಮೇಲೆ ಹಾಲ್‌ನ ನಡುವೆ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಿನ್ನನ್ನು ಹತ್ತಿಸಿದರು. ಹ್ಯಾಂಡಲ್ ಅಲುಗದಂತೆ ಹಿಡಿಯುವ ಕೆಲಸ ನನಗೆ ಬಂತು.

"ಹಿಮ್ಮಡಿ ಪೆಡಲ್ ಮೇಲಿಡು. ಪೂರ್ತಿ ಕೆಳಗೆ ತಳ್ಳು. ಕಾಲು ನೇರ ಆಯ್ತಾ?"

ಆಗಿರಲಿಲ್ಲ. ಸೀಟು ತಗ್ಗಾಗಿತ್ತು, ಮಂಡಿ ನೋವು ಅದರಿಂದ. ಬೋಲ್ಟು ಸಡಿಲಿಸಿ ಸ್ವಲ್ಪಸ್ವಲ್ಪವೇ ಎತ್ತಿದರು. ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕಂತೆ, ಪಾದದ ಮುಂಭಾಗವಿಟ್ಟರೆ ಮಂಡಿ ಚೂರೇ ಚೂರು ಬಾಗಿರಬೇಕಂತೆ, ತುಳಿಯುವಾಗ ಸೊಂಟ ಆಚೀಚೆ ತೂಗಬಾರದಂತೆ. ಸೀಟಿನ ಮೂತಿ ಕೆಳಕ್ಕೆ ಬಾಗಿ ನೀನು ಮುಂದಕ್ಕೆ ಜಾರುತ್ತಿದ್ದೀಯ, ಭಾರವೆಲ್ಲ ಅಂಗೈಗೆ ಬೀಳುತ್ತಿದೆ ಎಂದು ರಸಮಟ್ಟವಿಟ್ಟು ಸಮ ಮಾಡಿದರು. ದಾರಕ್ಕೊಂದು ನಟ್ಟು ಕಟ್ಟಿ ನಿನ್ನ ಮಂಡಿಯಿಂದ ಇಳಿಬಿಟ್ಟು, ಅದು ಪೆಡಲ್ಲಿನ ನಡುಮಧ್ಯಕ್ಕೆ ಬರುವವರೆಗೆ ಸೀಟನ್ನು ಹಿಂದಕ್ಕೆ ಸರಿಸಿದರು.

ನಾನು ದಿನವಿಡೀ ಯಾರ್ಯಾರದೋ ಮೂಗು ಕಿವಿಗೆ ಕನ್ನಡಕ ಹೊಂದಿಸುವವಳು. ಕೂದಲೆಳೆಯಷ್ಟು ಆಚೀಚೆಯಾದರೂ ತಲೆನೋವು ಬರುತ್ತದೆಂದು ಬಲ್ಲವಳು. ಅವರ ಕೈ ಎಷ್ಟು ಹದವಾಗಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒರಟಾಗಿ ಮಾಡಿದ್ದರೆ ಸಹಿಸಿಕೊಳ್ಳುತ್ತಿದ್ದೆ ಗುಬ್ಬಿ. ಅವರು ನೆಲಕ್ಕೆ ಮಂಡಿಯೂರಿ ನಿನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಿದ್ದರು. ಬೀಳದಿರಲೆಂದು ನೀನು ಅವರ ಹೆಗಲ ಮೇಲೆ ಕೈಯಿಟ್ಟಿದ್ದೆ. ನನ್ನ ಹೆಗಲೂ ಅಷ್ಟೇ ಹತ್ತಿರದಲ್ಲಿತ್ತು.

ಆಗ ನೀನು ಕಣ್ಣರಳಿಸಿ, "ಅಮ್ಮಾ, ಈಗ ನೋವೇ ಇಲ್ಲ!" ಎಂದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು "ಹೂಂ ಕಣೇ" ಎಂದುಬಿಟ್ಟರು. ನೀನು ನೋಡುತ್ತಿದ್ದದ್ದೂ ಅವರನ್ನೇ.

ಮಾರನೆಯ ದಿನ ಚೀಲ ಎತ್ತಿಕೊಂಡು ಹೊರಟದ್ದು ಇದಕ್ಕೆ.

ಇನ್ನೊಂದು ಸುಳ್ಳಿದೆ. ನಿಮ್ಮ ನೂರು ಕಿಲೋಮೀಟರ್ ಸವಾರಿಯ ದಿನ ಬರಲಾಗುವುದಿಲ್ಲ ಎಂದಿದ್ದೆನಲ್ಲ, ಬಂದಿದ್ದೆ. ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಸೇತುವೆಯ ಹತ್ತಿರ, ನೀರು ಕೊಡುವವರ ಹಿಂದೆ ನಿಂತಿದ್ದೆ. ನಿನ್ನನ್ನು ಹುರಿದುಂಬಿಸಲು ಎಂದು ಬರೆದರೆ ಚೆನ್ನಾಗಿರುತ್ತದೆ. ಆ ಸೀಟು ಎಲ್ಲಾದರೂ ಕೈಕೊಟ್ಟು ನೀನು ಅಳುತ್ತ ಕೆಳಗಿಳಿದರೆ ಹತ್ತಿರ ನಾನೇ ಇರಬೇಕು ಎಂಬ ಆಸೆಯಿಂದ ಬಂದಿದ್ದೆ. ದೇವರು ದೊಡ್ಡವನು, ಹಾಗಾಗಲಿಲ್ಲ. ಹಾಳಾದ್ದು, ಹಾಗಾಗಲೇ ಇಲ್ಲ! ನೀನು ಮೊಣಕೈ ಸಡಿಲಬಿಟ್ಟುಕೊಂಡು, ಪಕ್ಕದವಳ ಜೊತೆ ಏನೋ ಹೇಳಿ ನಗುತ್ತ, ಸೋಫಾದ ಮೇಲೆ ಕೂತವಳಂತೆ ಸಾಗಿಹೋದೆ.

ಬಹಳ ಹೊತ್ತಿನ ಮೇಲೆ ನಿನ್ನ ಅತ್ತೆ ಬಂದರು. ಸೀಟಿನ ಮೇಲೆ ಕೂರದೆ ನಿಂತೇ ತುಳಿಯುತ್ತಿದ್ದರು. ಸೈಕಲ್ಲನ್ನು ಸೇತುವೆಗೆ ಒರಗಿಸಿ, ತುಟಿ ಕಚ್ಚಿಕೊಂಡು ನೀರಿಗೆ ಕೈಚಾಚಿದಾಗ ನನ್ನನ್ನು ಕಂಡರು. ಇಲ್ಲೇಕೆ ನಿಂತಿದ್ದೀರಿ ಎಂದು ಕೇಳಲಿಲ್ಲ. ನಾನೇ ಏನಾಯಿತೆಂದು ಕೇಳಿದೆ.

"ಎತ್ತರ ಸರಿ ಮಾಡಿದ್ಮೇಲೂ ದೂರ ಹೋದ್ರೆ ಅವಳಿಗೆ ಉರಿ ಬರ್ತಿತ್ತು. ಅವಳ ಸೀಟು ಕಿರಿದು. ನನ್ನದು ಅಗಲ, ಅವಳಿಗೆ ಸರಿಯಾಗಿ ಹೊಂದ್ತು. ಬದಲಾಯಿಸ್ಕೊಂಡ್ವಿ. ನನಗೆ ಎರಡೂ ಒಂದೇ ಅಂತ ಹೇಳಿದ್ದೀನಿ."

"ಒಂದೇನಾ?"

"ಎಲ್ಲಿ ಒಂದೇ! ಪ್ರಾಣ ಹೋಗ್ತಿದೆ."

ಇಬ್ಬರಿಗೂ ನಗು ಬಂತು. ನಗುತ್ತಿದ್ದಾಗಲೇ ನನ್ನ ಬಾಯಿಂದ ಜಾರಿತು: "ಅದಕ್ಕೇ ನಿಮ್ಮನ್ನ ಅಮ್ಮ ಅಂತಾಳೆ."

ಅವರು ಲೋಟ ಕೆಳಗಿಟ್ಟರು. "ಸೈಕಲ್ ಮೇಲಿದ್ದಾಗ ಅಂತಾಳೆ. ಮನೇಲಿ ನಿಮ್ಮ ಫೋನ್ ಬಂದ್ರೆ ರೂಮಿಗೆ ಓಡ್ತಾಳೆ. ಒಳಗೆ ಬಿದ್ದು ಬಿದ್ದು ನಗ್ತಿರ್ತಾಳೆ. ನಾನು ಒರೆಸಿದ ಪಾತ್ರೇನೇ ಒರೆಸ್ತಾ, ಅದೇನಪ್ಪಾ ಅಂಥ ನಗು ಅಂತ ಕಿವಿ ಕೊಟ್ಕೊಂಡು ನಿಂತಿರ್ತೀನಿ. ನನ್ನ ಹತ್ರ ಅವಳು ಹಾಗೆ ಒಂದು ದಿನಾನೂ ನಕ್ಕಿಲ್ಲ."

ಅವರಿಗಾಗಿ ಮರುಗಿದೆ ಎಂದು ಬರೆಯಲಾರೆ. ಎದೆ ತಣ್ಣಗಾಯಿತು. ಆಮೇಲೆ, ಅಷ್ಟು ತಣ್ಣಗಾದದ್ದಕ್ಕೆ ನಾಚಿಕೆಯಾಗಿ, ಅವರನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. ತಾವು ಸೋತು ನಿಂತದ್ದು ಗೊತ್ತಾದರೆ ನೀನು ಸೀಟು ವಾಪಸ್ ಕೊಟ್ಟುಬಿಡುತ್ತೀಯ ಎಂದು ಅವರು ಹೆದರಿದರು. ಅವರ ಟೈರು ಪಂಕ್ಚರ್ ಆಯಿತೆಂದು ನೀನು ನಂಬಿದ್ದೀಯಲ್ಲ, ಆ ಗಾಳಿ ಬಿಟ್ಟವಳು ನಾನು. ನಿಮ್ಮ ಹಿಂದೆ ಬರುತ್ತಿದ್ದ ವ್ಯಾನಿಗೆ ಅವರನ್ನು ಹತ್ತಿಸಿದವಳೂ ನಾನೇ.

ಹೇಳಬೇಡಿ ಎಂದು ಅವರು ಕೈಹಿಡಿದು ಕೇಳಿಕೊಂಡರು. ತಲೆಯಾಡಿಸಿದೆ. ಬರೆಯುವುದಿಲ್ಲ ಎಂದೇನೂ ಮಾತು ಕೊಟ್ಟಿಲ್ಲ.

ಈಗ ನೀನು ಮಾಡಬೇಕಾದದ್ದು ಇಷ್ಟು. ಆ ಸೀಟನ್ನು ವಾಪಸ್ ಕೊಡಬೇಡ, ಅವರ ಮನಸ್ಸು ನೋಯುತ್ತದೆ. ಅವರನ್ನು ಸೈಕಲ್ ಅಂಗಡಿಗೆ ಕರೆದುಕೊಂಡು ಹೋಗಿ, ಕೂರಿಸಿ ನೋಡಿ, ಅವರ ಮೈಗೆ ಹೊಂದುವುದನ್ನೇ ಕೊಡಿಸು. ಮನೆಗೆ ತಂದು ಎತ್ತರ ಸರಿಮಾಡುವಾಗ ನೀನೇ ನೆಲಕ್ಕೆ ಕೂತು ಹಿಮ್ಮಡಿ ಹಿಡಿ. ಅವರನ್ನು ಏನೆಂದು ಕರೆಯುತ್ತೀಯೋ ಕರೆ. ನನಗೆ ಉರಿಯುವುದಿಲ್ಲ ಎಂದು ಮಾತ್ರ ತಿಳಿಯಬೇಡ.

ನಿನ್ನನ್ನು ಹೆತ್ತ,
ಇನ್ನೂ ಸ್ವಲ್ಪ ಉರಿಯುತ್ತಲೇ ಇರುವ,
ಅಮ್ಮ

ತಾ.ಕ.: ಬರುವ ಭಾನುವಾರ ನಿನ್ನ ಅತ್ತೆ ಯಾರೋ ಹಳೆಯ ಗೆಳತಿಯ ಮನೆಗೆ ಹೋಗುತ್ತೇನೆ ಎಂದಿದ್ದಾರಲ್ಲ, ಆ ಗೆಳತಿ ನಾನು. ಈಗೀಗ ದಿನಾ ಸಂಜೆ ಫೋನಿನಲ್ಲಿ ಹರಟುತ್ತೇವೆ. ನೀನು ಮಾಡಿದಾಗ ನನ್ನ ಫೋನ್ ಬ್ಯುಸಿ ಬರುವುದು ಅದಕ್ಕೇ. ಅವರು ಎರಡು ದಿನ ಇದ್ದು ಹೋಗುತ್ತಾರೆ. ನಿನಗೆ ಹೇಳಬೇಡಿ ಎಂದದ್ದು ನಾನೇ. ಹೊಟ್ಟೆ ಉರಿಯಿತೇ? ಉರಿಯಲಿ.