ಟ್ರಾಲಿಯ ಲೈಟು ಯಾಕೆ ಹೋಯಿತೆಂದರೆ

ಕಾಕಾ,

ನಿನ್ನೆ ಕಬ್ಬು ಕಡಿಯುವವರೆಲ್ಲರ ಮುಂದೆ, "ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಂವ ನೀ, ವೈರಿಂಗ್ ಏನ್ ತಿಳಿತೈತಿ ಲೇ ನಿನಗ?" ಅಂದಿರಿ. ಎಲ್ಲರೂ ನಕ್ಕರು.

ಈಗ ಕೇಳಿರಿ. ದಸರೆಯ ಖಂಡೇಪೂಜೆಗೆಂದು ಟ್ರಾಲಿಗೆ ಬಣ್ಣ ಹಚ್ಚಿಸಿದವರು ನೀವು. ಲೈಟಿನ ಅರ್ಥಿಂಗ್ ವೈರು ಬಿಗಿಯುವ ಬೋಲ್ಟಿನ ಜಾಗವನ್ನೂ ಬಿಡಲಿಲ್ಲ. ಬಣ್ಣದ ಮೇಲೆ ವೈರು ಬಿಗಿದರೆ ಕರೆಂಟು ಹೇಗೆ ಹರಿಯಬೇಕು? ಬಲ್ಬಿನ ಮೇಲೆ ಬಲ್ಬು ಬದಲಿಸಿದಿರಿ, ಬೈಗುಳ ಮಾತ್ರ ನನಗೆ!

ಬೆಳಿಗ್ಗೆ ಬಣ್ಣ ಕೆರೆದು, ಅರ್ಥಿಂಗಿಗೆ ಬೇರೆ ವೈರನ್ನೇ ಟ್ರ್ಯಾಕ್ಟರಿನ ತನಕ ಎಳೆದಿದ್ದೇನೆ. ಎಡಗಡೆಯ ಲೈಟು ಉರಿಯುತ್ತದೆ. ಬಲಗಡೆಯ ವೈರು ಸವೆದು ತುಂಡಾಗಿದೆ, ಹೊಸದನ್ನು ತರಲು ನಿಪ್ಪಾಣಿಗೆ ಹೊರಟಿದ್ದೇನೆ. ನಾನು ಬರುವ ತನಕ ಟ್ರಾಲಿ ಹೊರಗೆ ತೆಗೆಯಬೇಡಿರಿ. ಕೆರೆದ ಜಾಗಕ್ಕೆ ಮತ್ತೆ ಬಣ್ಣ ಬಳಿಯಬೇಡಿರಿ.

ಮೊನ್ನೆ ಸಂಜೆ ಅಕ್ಕೋಳದ ತಿರುವಿನಲ್ಲಿ ಒಂದು ಸ್ಕೂಟಿ ನಮ್ಮ ಟ್ರಾಲಿಗೆ ಹಿಂದಿನಿಂದ ಗುದ್ದುವುದು ಗೇಣಿನಲ್ಲಿ ತಪ್ಪಿತು. ಕತ್ತಲಲ್ಲಿ ಟ್ರಾಲಿ ಕಾಣಲೇ ಇಲ್ಲವಂತೆ. ಸ್ಕೂಟಿ ಮೇಲಿದ್ದವಳು ನಿಮ್ಮ ಮಗಳು ಸಪನಾ. "ಅಪ್ಪಗ ಹೇಳಬ್ಯಾಡೋ" ಅಂದಿದ್ದಳು. ಹೇಳಿದೆ.

ನನ್ನ ಮಾತು ನೀವು ಕೇಳುವುದಿಲ್ಲ, ಅದಕ್ಕೇ ಟ್ರಾಲಿ ಜೋಡಿಸುವ ಪಿನ್ನನ್ನು ಕಿಸೆಯಲ್ಲಿ ಹಾಕಿಕೊಂಡಿದ್ದೇನೆ. ಅಂಗಳದಲ್ಲಿ ನಿಂತು, "ಅಮೋಲಾ, ಪಿನ್ನ ಎಲ್ಲಿಟ್ಟೀ ಲೇ?" ಎಂದು ಕೂಗುತ್ತಿದ್ದೀರಿ. ಕೇಳಿಸುತ್ತಿದೆ. ಹಿತ್ತಲ ಬಾಗಿಲಿನಿಂದ ಹೊರಟೆ.